ಕತ್ತಿಯ ತಲೆಯ ಮೇಲೊಂದು ಕೆ

ಪ್ರಶ್ನೆ: ಮಗಳು ನಾಲ್ಕನೇ ತರಗತಿ. ಇಂಗ್ಲಿಷ್ ಕಿರುಪರೀಕ್ಷೆಯಲ್ಲಿ ‘ನೈಫ್’ ಪದವನ್ನು ಕೆ ಬಿಟ್ಟು ಎನ್ ಅಕ್ಷರದಿಂದ ಬರೆದಳೆಂದು ಅರ್ಧ ಅಂಕ ಕಳೆದಿದ್ದಾರೆ. ಬಾಯಲ್ಲಿ ಬಾರದ ಕೆಯನ್ನು ಬರೆಯುವುದೇಕೆ ಮೇಷ್ಟ್ರೇ? ಕನ್ನಡದಲ್ಲಿ ಈ ತಂಟೆ ಇಲ್ಲವಲ್ಲ.
– ಓದುಗರೊಬ್ಬರು, ಹೊಸನಗರ

ಉತ್ತರ: ಅರ್ಧ ಅಂಕವಂತೂ ವಾಪಸು ಬರುವುದಿಲ್ಲ. ಆದರೆ ಮಗುವಿನ ಕಿವಿ ಸರಿಯಾಗಿಯೇ ಇದೆ. ಐನೂರು ವರ್ಷ ಮೊದಲು ಲಂಡನ್ನಿನಲ್ಲಿ ಹುಟ್ಟಿದ್ದರೆ ಅವಳಿಗೆ ಆ ಕೆ ಕೇಳಿಸುತ್ತಿತ್ತು.

ಆ ಪದ ಉತ್ತರ ಯುರೋಪಿನ ಕಡಲ ದಾಳಿಕೋರರಾದ ವೈಕಿಂಗರ ಜೊತೆ ಹಡಗಿನಲ್ಲಿ ಬಂದದ್ದು. ಸ್ವೀಡನ್ನಿನವರು ಇವತ್ತಿಗೂ ಚೂರಿಯನ್ನು ‘ಕ್ನೀವ್’ ಎನ್ನುತ್ತಾರೆ. ಇಂಗ್ಲಿಷರೂ ‘ಕ್ನೀಫ್’ ಎನ್ನುತ್ತಿದ್ದರು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಮುದ್ರಣಾಲಯ ತೆರೆದ. ಅಲ್ಲಿಂದಾಚೆಗೆ ಮೊಳೆ ಜೋಡಿಸುವವರ ಕೈಯಲ್ಲಿ ಕಾಗುಣಿತ ಗಟ್ಟಿಯಾಗುತ್ತ ಬಂತು. ಬಾಯಿ ಸುಮ್ಮನಿರಬೇಕಲ್ಲ! ‘ಈ’ ಹೋಗಿ ‘ಐ’ ಆಯಿತು, ಹದಿನೇಳನೇ ಶತಮಾನದಲ್ಲಿ ಕೆ ಉದುರಿತು. ಅಚ್ಚಿನಲ್ಲಿದ್ದದ್ದು ಅಲ್ಲಿಯೇ ಕೂತಿತು.

ಇದಾದರೂ ಪಾಪದ ಕೆ. ಸಾಲಕ್ಕೆ ಹೇಳುವ ‘ಡೆಟ್’ ಪದದ ನಡುವಿನ ಬಿಯನ್ನು ಇಂಗ್ಲಿಷರು ಯಾವ ಕಾಲಕ್ಕೂ ನುಡಿದವರಲ್ಲ. ಫ್ರೆಂಚಿನಿಂದ ಬಿ ಇಲ್ಲದೆ ಬಂದಿದ್ದ ಪದಕ್ಕೆ, ಲ್ಯಾಟಿನ್ನಿನ ‘ಡೆಬಿಟುಂ’ ನೆನಪಿರಲಿ ಎಂದು ಪಂಡಿತರು ತುರುಕಿದ್ದು ಅದು. ನನಗೆ ಸಿಟ್ಟು ಬರುವುದು ಇಂಥವರ ಮೇಲೆ.

ಕನ್ನಡಕ್ಕೆ ತಂಟೆಯಿಲ್ಲವೆಂದಿರಿ. ಹಳಗನ್ನಡದ ‘ಏೞು’, ‘ಪೇೞ್’ (ಇಂದಿನ ಏಳು, ಹೇಳು) ಇವುಗಳಲ್ಲಿದ್ದ ೞಕಾರವನ್ನು ನಾಲಿಗೆ ಬಿಟ್ಟಿತು, ಬರಹವೂ ಬಿಟ್ಟಿತು, ಸರಿ. ಆದರೆ ನಾವು ‘ರುಷಿ’ ಎಂದು ನುಡಿದು ‘ಋಷಿ’ ಎಂದು ಬರೆಯುವವರು. ಮಗಳು ಕಿವಿಗೆ ಕೇಳಿದಂತೆ ಬರೆದರೆ ಕನ್ನಡ ಮೇಷ್ಟ್ರೂ ಅರ್ಧ ಅಂಕ ಕಳೆಯುತ್ತಾರೆ. ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದ ನಾನೂ ಹಾಗೆ ಕಳೆದವನೇ.

ಒಂದು ಉಪಾಯವಿದೆ. ಸುಗ್ಗಿಯ ರಾತ್ರಿಗಳಲ್ಲಿ ಅಮ್ಮ ಮೆಟ್ಟುಗತ್ತಿಯ ಮೇಲೆ ಕೂತು ಅಡಿಕೆ ಸುಲಿಯುವಾಗ ನಾನು ಎದುರಿಗೆ ಕೂತು ‘ಕ್ನೈಫು, ಕ್ನೀ, ಕ್ನೈಟು’ ಎಂದು ಕೆ ಸೇರಿಸಿಯೇ ಬಾಯಿಪಾಠ ಮಾಡುತ್ತಿದ್ದೆ. ಮಳೆಗಾಲದ ಕಪ್ಪೆ ಈಗೇಕೆ ಕೂಗುತ್ತಿದೆ ಎಂದು ಅಮ್ಮ ನಗುತ್ತಿದ್ದಳು. ಕಾಗುಣಿತ ಮಾತ್ರ ತಪ್ಪಲಿಲ್ಲ. ಮಗಳಿಗೂ ಹಾಗೆಯೇ ಹೇಳಿಕೊಡಿ. ಶಾಲೆಯಲ್ಲಿ ಗಟ್ಟಿಯಾಗಿ ಓದುವಾಗ ಕೆ ನುಂಗಬೇಕು, ಅಷ್ಟೇ.

ಪ್ರಶ್ನೆ: ‘ಕಲರ್’ ಪದಕ್ಕೆ ಯು ಸೇರಿಸಿ ಬರೆದರೆ ನನ್ನ ಫೋನ್ ಕೆಂಪು ಗೆರೆ ಎಳೆಯುತ್ತದೆ. ನಾನು ಕಲಿತದ್ದೇ ತಪ್ಪೇ?
– ಕಾಲೇಜು ವಿದ್ಯಾರ್ಥಿನಿ, ತೀರ್ಥಹಳ್ಳಿ

ಉತ್ತರ: ತಪ್ಪಲ್ಲ ತಾಯಿ, ಫೋನ್ ಅಮೆರಿಕದ ಇಂಗ್ಲಿಷಿನಲ್ಲಿದೆ. ಅಲ್ಲಿ ಆ ಯುವನ್ನು ಕಿತ್ತು ಹಾಕಿದ ಕಾಗುಣಿತ ಗಟ್ಟಿಯಾಗಿ ನಿಂತದ್ದು ನೋವಾ ವೆಬ್‌ಸ್ಟರನ ನಿಘಂಟಿನ ಬಲದಿಂದ. ಅವನ ದೊಡ್ಡ ನಿಘಂಟು ಬಂದದ್ದು 1828ರಲ್ಲಿ. ನಾಲಿಗೆಯ ‘ಟಂಗ್’ ಪದವನ್ನು ಟಿ-ಯು-ಎನ್-ಜಿ ಎಂದು ಬರೆಯಿರೆಂದೂ ಅವನು ಹೇಳಿ ನೋಡಿದ, ಅಮೆರಿಕದವರೇ ಕಿವಿಗೆ ಹಾಕಿಕೊಳ್ಳಲಿಲ್ಲ. ಫೋನಿನ ಭಾಷಾಪಟ್ಟಿಯಲ್ಲಿ ಭಾರತದ ಇಂಗ್ಲಿಷನ್ನು ಆರಿಸಿಕೊಳ್ಳಿ, ಗೆರೆ ಹೋಗುತ್ತದೆ. ಇಂಗ್ಲಿಷಿನಲ್ಲಿ ‘ಶಿವಮೊಗ್ಗ’ ಎಂದು ಬರೆದಾಗ ಬೀಳುವ ಗೆರೆಯೂ ಹೋದರೆ ನನಗೊಂದು ಕಾರ್ಡು ಹಾಕಿ. ‘ಶಿಮೊಗ’ ಹೋಗಿ ‘ಶಿವಮೊಗ್ಗ’ ಆದದ್ದು 2014ರ ನವೆಂಬರ್ 1ಕ್ಕೆ, ನನ್ನ ಫೋನಿಗೆ ಸುದ್ದಿ ಇನ್ನೂ ಮುಟ್ಟಿಲ್ಲ.