‘ಎಂಥ ಸೆಕೆ’ ದಾಟಿದ ಮೇಲೆ

ಪ್ರಶ್ನೆ: ಕದ್ರಿ ಪಾರ್ಕಿನಲ್ಲಿ ಬೆಳಿಗ್ಗೆ ವಾಕಿಂಗಿಗೆ ಬರುವ ಒಬ್ಬರು ಮೂರು ತಿಂಗಳಿಂದ ಪರಿಚಯ. ‘ಎಂಥ ಸೆಕೆ ಮಾರಾಯ್ರೆ’ ಎನ್ನುವುದರಾಚೆ ಮಾತು ಹೋಗುವುದಿಲ್ಲ. ಸ್ನೇಹ ಬೆಳೆಸುವುದು ಹೇಗೆ?
– ಓದುಗರು, ಮಂಗಳೂರು

ಉತ್ತರ: ನಿಮಗೆ ಸಾಲದಿರುವುದು ಸಮಯ. ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅವರ 2018ರ ಅಧ್ಯಯನದ ಪ್ರಕಾರ, ಪರಿಚಯ ಸಾಧಾರಣ ಸ್ನೇಹವಾಗಲು ಸುಮಾರು 50 ಗಂಟೆ ಒಟ್ಟಿಗೆ ಕಳೆಯಬೇಕು. ಆಪ್ತರಾಗಲು 200ಕ್ಕೂ ಹೆಚ್ಚು. ವಾರಕ್ಕೆ ಆರು ದಿನ, ಹತ್ತು ಹತ್ತು ನಿಮಿಷ ಎಂದರೆ ಒಂದೇ ಗಂಟೆ; 50 ಗಂಟೆಯಾಗಲು ವರ್ಷವೇ ಬೇಕು. ಭಾನುವಾರ ಎರಡು ಗಂಟೆ ಸೇರಿಸಿದರೆ ನಾಲ್ಕು ತಿಂಗಳು ಸಾಕು.

‘ಒಮ್ಮೆ ಸಿಗುವಾ’ ಎಂದರೆ ಅದು ಯಾವತ್ತೂ ನಡೆಯುವುದಿಲ್ಲ. ದಿನ, ಹೊತ್ತು ಹೇಳಿಯೇ ಕರೆಯಿರಿ: ‘ಈ ಭಾನುವಾರ ಏಳೂವರೆಗೆ ಬನ್ಸ್ ತಿಂದು ಚಾ ಕುಡಿಯುವಾ?’ ಹಿಂದೆ ಅವರು ಹೇಳಿದ್ದನ್ನು ನೆನಪಿಟ್ಟು ಕೇಳಿ: ‘ಮಗಳ ಪರೀಕ್ಷೆ ಹೇಗಾಯ್ತು?’ ನಿಮ್ಮ ಚಿಂತೆಯನ್ನೂ ಒಂದಿಷ್ಟು ಹೇಳಿಕೊಳ್ಳಿ. ಬರೀ ಪ್ರಶ್ನೆ ಕೇಳುತ್ತಿದ್ದರೆ ವಿಚಾರಣೆಯಂತಾಗುತ್ತದೆ. ಸಂಬಳ, ಜಾತಿಯ ವಿಷಯ ಖಂಡಿತ ಬೇಡ. ಒಮ್ಮೆ ‘ಆಗುವುದಿಲ್ಲ’ ಎಂದರೆ ಬೇಸರಿಸದೆ ಎರಡು ವಾರ ಬಿಟ್ಟು ಪುನಃ ಕರೆಯಿರಿ.

ಜೂನ್‌ನಲ್ಲಿ ಮಳೆ ಹಿಡಿದರೆ ವಾಕಿಂಗ್ ತಪ್ಪುತ್ತದೆ. ಅದಕ್ಕೆ ಮೊದಲೇ ಫೋನ್ ನಂಬರ್ ತೆಗೆದುಕೊಳ್ಳಿ.