ರಿಪೋರ್ಟಿನ 14 ಮತ್ತು ತೋಟದ ಏರು

ನಾಪೋಕ್ಲು ಕಡೆಯಿಂದ ಬರೆದ ಸಹೋದರಿಗೆ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮಾವನವರಿಗೆ ಒಂಬತ್ತು ತಿಂಗಳ ಹಿಂದೆ ಮೈಸೂರಿನಲ್ಲಿ ಹೃದಯದ ರಕ್ತನಾಳಕ್ಕೆ ಸ್ಟೆಂಟ್, ಅಂದರೆ ದಾರಿ ತೆರೆದಿಡುವ ಲೋಹದ ಜಾಲರಿ, ಹಾಕಿದ್ದಾರೆ. ಅದು ಮತ್ತೆ ಮುಚ್ಚಿಕೊಳ್ಳುತ್ತದಾ ಎಂದು ರಕ್ತದಲ್ಲೇ ಗೊತ್ತಾಗುತ್ತದೆ ಅಂತ ಯಾರೋ ಹೇಳಿದರು, ಟೆಸ್ಟ್ ಮಾಡಿಸಿದಿರಿ, ಉರಿಯೂತ ತೋರಿಸುವ ಸಿಆರ್‌ಪಿ 14 ಬಂತು. ಈಗ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ತಿಂಗಳು ತಿಂಗಳು ಇದನ್ನು ಮಾಡಿಸಬೇಕಾ ಎಂದು ಕೇಳಿದ್ದೀರಿ.

ಬೇಡ. ಜ್ವರ ಬಿಟ್ಟ ನಾಲ್ಕನೇ ದಿನ ರಕ್ತ ಕೊಟ್ಟರು ಎಂದು ನೀವೇ ಬರೆದಿದ್ದೀರಿ ಅಲ್ವಾ? ಮೈಯಲ್ಲಿ ಎಲ್ಲಿ ಉರಿಯೂತ ಇದ್ದರೂ ಸಿಆರ್‌ಪಿ ಏರುತ್ತದೆ. ಶೀತಜ್ವರ, ಹಲ್ಲಿನ ಕೀವು, ಕಾಲಿನ ಗಾಯ, ಯಾವುದಾದರೂ ಸಾಕು. ಹೃದಯದ ಲೆಕ್ಕಕ್ಕೆ ಅದು 3 ದಾಟಿದರೆ ಜಾಸ್ತಿ ಅನ್ನುತ್ತಾರೆ, ನಿಜ. ಆದರೆ 10 ದಾಟಿದರೆ ಬೇರೇನೋ ಕಾರಣ ಇರಬೇಕು ಎಂದುಕೊಂಡು, ಕೆಲವು ವಾರ ಬಿಟ್ಟು ಮತ್ತೆ ನೋಡುವುದು ರೂಢಿ. ಆ 14 ನಿಮ್ಮ ನಿದ್ದೆ ಕೆಡಿಸಬೇಕಾಗಿಲ್ಲ.

ಹಾಗಂತ ರಕ್ತದಲ್ಲೇ ಗೊತ್ತಾಗುತ್ತದೆ ಅನ್ನುವ ಮಾತು ಹುಟ್ಟಿದ್ದು ಸುಮ್ನೆ ಅಲ್ಲ. ತೋಟದ ಬೇಲಿ ತಂತಿಯನ್ನು ಮರಕ್ಕೆ ಬಿಗಿದರೆ ವರ್ಷಗಳಲ್ಲಿ ತೊಗಟೆ ಬೆಳೆದು ತಂತಿಯನ್ನೇ ನುಂಗುತ್ತದಲ್ಲ, ಸ್ಟೆಂಟಿನಲ್ಲೂ ಹೆಚ್ಚುಕಡಿಮೆ ಅದೇ. ಬಲೂನು ಉಬ್ಬಿಸಿ ಲೋಹದ ಜಾಲರಿಯನ್ನು ರಕ್ತನಾಳದ ಗೋಡೆಗೆ ಒತ್ತುವಾಗ ಒಳಗೆ ಗಾಯವಾಗುತ್ತದೆ. ಗಾಯ ಮಾಯಬೇಕು. ಕೆಲವರಲ್ಲಿ ಅದು ಅತಿಯಾಗಿ, ಅಂಗಾಂಶ ಜಾಲರಿಯ ಮೇಲೆ ಬೆಳೆದು ದಾರಿ ಕಿರಿದಾಗುತ್ತದೆ. ಬರೀ ಲೋಹದ ಸ್ಟೆಂಟಿನ ಕಾಲದಲ್ಲಿ ನೂರಕ್ಕೆ 20–30 ಜನರಿಗೆ ಹೀಗಾಗುತ್ತಿತ್ತು. 2002ರ ಹೊತ್ತಿಗೆ ಔಷಧಿ ಲೇಪಿಸಿದ ಸ್ಟೆಂಟ್ ಬಂತು. ಅದಕ್ಕೆ ಮೊಟ್ಟಮೊದಲು ಬಳಿದ ಸಿರೋಲಿಮಸ್, ಈಸ್ಟರ್ ದ್ವೀಪದ ಮಣ್ಣಿನ ಸೂಕ್ಷ್ಮಜೀವಿಯಿಂದ ಸಿಕ್ಕ ಔಷಧಿ. ಈಗ ನೂರರಲ್ಲಿ 5–10 ಜನರಿಗೆ ಮಾತ್ರ ಈ ತೊಂದರೆ.

ಗಾಯ ಮಾಯುವುದರಲ್ಲಿ ಉರಿಯೂತಕ್ಕೂ ಪಾಲಿದೆ. ಹಾಗಾಗಿ ಸಿಆರ್‌ಪಿ, ರಕ್ತದಲ್ಲೇ ಅಳೆಯುವ ಹೋಮೋಸಿಸ್ಟೀನ್, ಲಿಪೋಪ್ರೋಟೀನ್-ಎ ಎಲ್ಲವನ್ನೂ ಸಂಶೋಧಕರು ಪರೀಕ್ಷಿಸಿದ್ದಾರೆ. ಹಳೇ ಸ್ಟೆಂಟುಗಳಲ್ಲಿ ಸಿಆರ್‌ಪಿಗೆ ಒಂದಿಷ್ಟು ನಂಟು ಕಂಡಿತು, ಔಷಧಿ ಸ್ಟೆಂಟಿನಲ್ಲಿ ಒಂದು ಅಧ್ಯಯನ ಹೌದು ಅಂದರೆ ಇನ್ನೊಂದು ಅಲ್ಲ ಅನ್ನುತ್ತದೆ. ಸಾವಿರ ಜನರನ್ನು ಸಾಲಾಗಿ ನಿಲ್ಲಿಸಿದರೆ ಕಾಣುವ ವ್ಯತ್ಯಾಸದಿಂದ ನಿಮ್ಮ ಮಾವನವರೊಬ್ಬರ ನಾಳೆಯನ್ನು ಹೇಳಲಾಗದು. ಲಿಪೋಪ್ರೋಟೀನ್-ಎ ಬಹುಪಾಲು ಹುಟ್ಟಿನಿಂದ ಬಂದದ್ದು. ಒಮ್ಮೆ ನೋಡಿದರೆ ಸಾಕು. ತಿಂಗಳು ತಿಂಗಳು ಈ ಟೆಸ್ಟುಗಳಿಗೆ ಹಾಕುವ ದುಡ್ಡನ್ನು ಸಕ್ಕರೆ ಮತ್ತು ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ನೋಡಲು ಇಟ್ಟುಕೊಳ್ಳಿ. ಮತ್ತೆ ಕಿರಿದಾಗುವುದರಲ್ಲಿ ಸಕ್ಕರೆ ಕಾಯಿಲೆಯ ಪಾತ್ರ ದೊಡ್ಡದು, ಮಾವನವರಿಗೆ ಅದು ಇದೆ. ಮೂರು ತಿಂಗಳ ಸರಾಸರಿ, ಅಂದರೆ ಎಚ್‌ಬಿಎ1ಸಿ, ಸಾಮಾನ್ಯವಾಗಿ 7ರ ಒಳಗಿರಬೇಕು. ಎಲ್‌ಡಿಎಲ್ ಆದಷ್ಟು 55ರ ಕೆಳಗೆ. ಇವನ್ನು ಔಷಧಿಯಿಂದ ಇಳಿಸಬಹುದು, ಅದೇ ದೊಡ್ಡ ಸಮಾಧಾನ.

ಇನ್ನೊಂದು ಮಾತು. ಮೂರು ಪುಟ ರಿಪೋರ್ಟಿನ ಬಗ್ಗೆ ಬರೆದು, ಕೊನೆಯಲ್ಲಿ ಒಂದೇ ಸಾಲು ಸೇರಿಸಿದ್ದೀರಿ: 'ಹದಿನೈದು ದಿನದಿಂದ ಮಾವ ತೋಟದ ಏರು ಹತ್ತುವಾಗ ನಡುವೆ ಸಿಲ್ವರ್ ಮರದ ಹತ್ತಿರ ನಿಂತು ಮೆಣಸಿನ ಬಳ್ಳಿ ನೋಡುತ್ತಾರೆ, ಆಮೇಲೆ ಹತ್ತುತ್ತಾರೆ.' ನನಗೆ ಭಯವಾದದ್ದು ಆ ಸಾಲಿಗೆ. ಹತ್ತುವಾಗ ಬಂದು, ನಿಂತರೆ ಹೋಗುವ ಎದೆ ಬಿಗಿತ ಅಥವಾ ಏದುಸಿರು, ದಾರಿ ಮತ್ತೆ ಕಿರಿದಾಗಿರುವ ಲಕ್ಷಣ ಇರಬಹುದು. ಬೇರೆ ಕಾರಣವೂ ಇರಬಹುದು, ಅದನ್ನು ಡಾಕ್ಟರೇ ನೋಡಿ ಹೇಳಬೇಕು. ಜ್ವರಕ್ಕಿಂತ ಮೊದಲೇ ಇದು ಶುರುವಾಗಿದೆ ಅನ್ನುವುದನ್ನು ಮರೆಯಬೇಡಿ.

ಈ ವಾರವೇ ಹೋಗಿ. ಕಾಫಿ ಕುಯ್ಲು ಮುಗಿಯಲಿ ಅಂತ ಕಾಯಬೇಡಿ, ಕಣ ನೋಡಿಕೊಳ್ಳಲು ನೆಂಟರಿಗೆ ಹೇಳಿ. ಡಿಸ್‌ಚಾರ್ಜ್ ಕಾಗದ, ಆಂಜಿಯೋಗ್ರಾಮ್ ಸಿಡಿ, ಈಗ ತಿನ್ನುವ ಮಾತ್ರೆಗಳ ಚೀಟಿ ಒಯ್ಯಿರಿ. ಗ್ಯಾಸ್ಟ್ರಿಕ್ ಆಗುತ್ತದೆ ಎಂದು ರಕ್ತ ತೆಳುವಾಗಿಸುವ ಮಾತ್ರೆಯನ್ನು ಮಾವನವರೇ ಬಿಡುವುದು ಬೇಡ. ಆಗ ಸ್ಟೆಂಟಿನೊಳಗೆ ಒಮ್ಮೆಲೇ ರಕ್ತ ಹೆಪ್ಪುಗಟ್ಟಬಹುದು, ಅದು ದಾರಿ ಕಿರಿದಾಗುವುದಕ್ಕಿಂತ ದೊಡ್ಡ ಅಪಾಯ. ಸುಮ್ಮನೆ ಕೂತಾಗಲೇ ಎದೆ ನೋವು, ಬೆವರು ಬಂದರೆ ಬೆಳಗಾಗಲಿ ಅನ್ನದೆ 108ಕ್ಕೆ ಕರೆ ಮಾಡಿ.

ಡಾಕ್ಟರ ಮುಂದೆ ಮಾವನವರು 'ನನಗೇನೂ ಇಲ್ಲ' ಅನ್ನುತ್ತಾರೆ, ಖಂಡಿತ. ಆಗ ಸಂಕೋಚಪಡದೆ ಆ ಸಿಲ್ವರ್ ಮರದ ವಿಷಯ ನೀವೇ ಹೇಳಿ.