ಸಂಪಾದಕರ ಉತ್ತರ: ಬಸ್ಕಿಯ ಲೆಕ್ಕ

ಮಾನ್ಯ ಓದುಗರೆ,

ದಾವಣಗೆರೆಯಿಂದ ನೀವು ಬರೆದ ನಾಲ್ಕು ಪುಟಗಳ ಪತ್ರ ಕೈಸೇರಿ ಎರಡು ವಾರವಾಯಿತು. ಹೆಸರು ಪ್ರಕಟಿಸಬಾರದೆಂದು ಕೋರಿದ್ದೀರಿ, ಪ್ರಕಟಿಸುವುದಿಲ್ಲ. ಇತರ ಓದುಗರಿಗಾಗಿ ಪತ್ರದ ಸಾರವನ್ನಷ್ಟೇ ಹೇಳುತ್ತೇನೆ. ನಿಮ್ಮ ಮಗಳಿಗೆ 14 ವರ್ಷ, ಒಂಬತ್ತನೆಯ ತರಗತಿ, ಎತ್ತರ 154 ಸೆಂ.ಮೀ., ತೂಕ 74 ಕೆ.ಜಿ. ಇದು ಬೊಜ್ಜು, ದಿನವೂ ವ್ಯಾಯಾಮ ಮಾಡಿಸಿ ಎಂದು ಮಕ್ಕಳ ವೈದ್ಯರು ಹೇಳಿದ್ದಾರೆ. ಅವಳ ತಂದೆ ಬೆಳಿಗ್ಗೆ ಐದೂವರೆಗೆ ಎಬ್ಬಿಸಿ ವಾಕಿಂಗ್‌ಗೆ ಕರೆದೊಯ್ದರು. ಹತ್ತು ಕಿಲೋ ಇಳಿದರೆ ಮೊಬೈಲ್ ಕೊಡಿಸುವುದಾಗಿ ಮಾತು ಕೊಟ್ಟರು. ಮೂರನೆಯ ವಾರದ ಹೊತ್ತಿಗೆ ತಲೆನೋವು, ಹೊಟ್ಟೆನೋವು ಶುರುವಾಗಿ ಎಲ್ಲವೂ ನಿಂತುಹೋಯಿತು. "ನಮ್ಮ ಹುಡುಗಿಗೆ ಹುಮ್ಮಸ್ಸೇ ಇಲ್ಲ, ಅದನ್ನು ತರಿಸುವುದು ಹೇಗೆ?" ಎಂಬುದು ನಿಮ್ಮ ಪ್ರಶ್ನೆ. ಹದಿಹರೆಯದವರು ದಿನಕ್ಕೊಂದು ಗಂಟೆ ಮೈ ದಣಿಸಬೇಕೆಂದು ಕಳೆದ ಸಂಚಿಕೆಯಲ್ಲಿ ನಾವು ಬರೆದದ್ದನ್ನು ಓದಿದ ಮಗಳು ಪತ್ರಿಕೆಯನ್ನು ಮಂಚದ ಕೆಳಗೆ ಎಸೆದಳೆಂದೂ ತಿಳಿಸಿದ್ದೀರಿ.

ಎಸೆದದ್ದರಲ್ಲಿ ತಪ್ಪೇನೂ ಕಾಣುವುದಿಲ್ಲ. ದಿನಕ್ಕೆ ಸರಾಸರಿ 60 ನಿಮಿಷ ಎಂಬುದು 5ರಿಂದ 17 ವರ್ಷದವರಿಗೆ ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿರುವ ಅಳತೆ, ಅದು ಸರಿಯಾದದ್ದೇ. ಆದರೆ 146 ದೇಶಗಳ ಶಾಲಾ ಮಕ್ಕಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ, 2016ರಲ್ಲಿ 11ರಿಂದ 17 ವರ್ಷದವರಲ್ಲಿ ಶೇ 81ರಷ್ಟು ಮಂದಿ ಆ ಅಳತೆಯನ್ನು ಮುಟ್ಟಿರಲಿಲ್ಲ. ಅಂದರೆ ನಿಮ್ಮ ಮಗಳ ತರಗತಿಯ ತೆಳ್ಳನೆಯ ಗೆಳತಿಯರಲ್ಲಿಯೂ ಹೆಚ್ಚಿನವರು ಮುಟ್ಟಿರಲಾರರು; ಅವರನ್ನು ಯಾರೂ ಕೇಳುವುದಿಲ್ಲ, ಅಷ್ಟೇ ವ್ಯತ್ಯಾಸ. ಈ ಮಾತನ್ನು ನಾವು ಬರೆಯಲಿಲ್ಲ. ಬದಲಿಗೆ, ಜಿಂಕೆಯಂತೆ ಓಡುವ ಮೂವರು ಹುಡುಗಿಯರ ಚಿತ್ರವನ್ನು ಅರ್ಧ ಪುಟಕ್ಕೆ ಹಾಕಿದೆವು. ಚಿತ್ರ ಆರಿಸಿದವನು ನಾನೇ.

ಈಗ ನಿಮ್ಮ ಪತ್ರಕ್ಕೆ ಬರುತ್ತೇನೆ. ಅದರ ಮೂರನೆಯ ಪುಟದಲ್ಲಿ, ಬೇರೇನನ್ನೋ ಹೇಳುವಾಗ ನಡುವೆ ನುಸುಳಿದ ಒಂದು ವಾಕ್ಯವಿದೆ: ಎಂಟನೆಯ ತರಗತಿಯಲ್ಲಿ ಪ್ರಾರ್ಥನೆಗೆ ತಡವಾಗಿ ಬಂದದ್ದಕ್ಕೆ ಇಪ್ಪತ್ತು ಬಸ್ಕಿ ಹೊಡೆಸಿದರು, ಹುಡುಗರು ಸಾಲಾಗಿ ನಿಂತು ಜೋರಾಗಿ ಲೆಕ್ಕ ಹಾಕಿದರು, ಹನ್ನೊಂದಕ್ಕೆ ಅವಳು ಕೂತುಬಿಟ್ಟಳು. ನೀವು ಇದನ್ನು ಅವಳ ಮೈ ಭಾರಕ್ಕೆ ಸಾಕ್ಷಿಯೆಂದು ಬರೆದಿದ್ದೀರಿ. ನನಗೆ ಅದು ನಿಮ್ಮ ಪ್ರಶ್ನೆಗೆ ಉತ್ತರದಂತೆ ಕಂಡಿತು. ದುಗ್ಗಮ್ಮನ ಜಾತ್ರೆಯ ಕುಸ್ತಿಗೆ ಜನ ಮುಗಿಬೀಳುವ ಊರು ನಿಮ್ಮದು. ಗರಡಿಮನೆಯಲ್ಲಿ ಪೈಲ್ವಾನರು ಇದೇ ಬಸ್ಕಿಯನ್ನು ನೂರುಗಟ್ಟಲೆ ಹೊಡೆಯುತ್ತಾರೆ, ಅಲ್ಲಿಯೂ ಒಬ್ಬ ಲೆಕ್ಕ ಹಾಕುತ್ತಾನೆ, ಆದರೆ ಆ ಲೆಕ್ಕ ಹುರಿದುಂಬಿಸುವ ಲೆಕ್ಕ. ಅದೇ ಬಸ್ಕಿ, ಅದೇ ಮೈದಾನ ಸುತ್ತುವ ಓಟ, ನಮ್ಮ ಶಾಲೆಗಳಲ್ಲಿ ತಪ್ಪಿಗೆ ವಿಧಿಸುವ ದಂಡನೆಯಾಗಿಬಿಟ್ಟಿದೆ. ವ್ಯಾಯಾಮವನ್ನು ಶಿಕ್ಷೆಯೆಂದು ಕಲಿಸಿ, ಆಮೇಲೆ ಮಗುವಿಗೆ ಅದರಲ್ಲಿ ಆಸಕ್ತಿಯಿಲ್ಲವೆಂದು ನಾವೇ ದೂರುತ್ತೇವೆ.

ಆಟದ ನಡುವೆ ಮೈತೂಕದ ಬಗ್ಗೆ ಚುಚ್ಚುಮಾತು ಕೇಳಿದ ಮಕ್ಕಳಿಗೆ ಆಟವೆಂದರೆ ಹಿಡಿಸುವುದು ಕಡಿಮೆ ಎಂಬುದನ್ನು ಸಂಶೋಧಕರು ಗುರುತಿಸಿದ್ದಾರೆ. ಸಂಶೋಧನೆ ಇಲ್ಲದಿದ್ದರೂ ನಾನು ಇದನ್ನು ಹೇಳಬಲ್ಲೆ. ನನ್ನ ಶಾಲೆಯಲ್ಲಿ ನಾನು ಗುಂಡಣ್ಣ. ಕಬಡ್ಡಿಗೆ ತಂಡ ಹಂಚುವಾಗ ಕೊನೆಗೆ ಉಳಿದವನನ್ನು ಎರಡೂ ಕಡೆಯವರು ಪರಸ್ಪರ ಬಿಟ್ಟುಕೊಡುವ ಔದಾರ್ಯ ತೋರಿಸುತ್ತಿದ್ದರು. ಆಟದ ಪೀರಿಯಡ್ಡಿನಲ್ಲಿ ಗ್ರಂಥಾಲಯದ ಬೀರುವಿನ ಹಿಂದೆ ಅಡಗಿ ಕೂರುವ ಅಭ್ಯಾಸ ಆಗಿನಿಂದಲೇ ಬಂತು. ಸಂಪಾದಕನಾದದ್ದು ಹಾಗೆ ಎಂದು ಮನೆಯವರು ತಮಾಷೆ ಮಾಡುತ್ತಾರೆ.

ಇನ್ನು ಐದೂವರೆಯ ವಾಕಿಂಗ್. ತಂದೆ ಮುಂದೆ, ಮಗಳು ಹತ್ತು ಮಾರು ಹಿಂದೆ, "ಬೇಗ ಬಾರೇ" ಎಂಬ ಕೂಗು: ನಿಮ್ಮ ಪತ್ರದಲ್ಲಿ ಈ ಚಿತ್ರ ಸ್ಪಷ್ಟವಾಗಿದೆ. ಅಮೆರಿಕದಲ್ಲಿ ಪಾಂಟೆಲೀಮಾನ್ ಎಕ್ಕೆಕಾಕಿಸ್ ಎಂಬ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವನ್ನು ಇಲ್ಲಿ ನೆನೆಯಬೇಕು. ಮಹಿಳೆಯರನ್ನು ಮೊದಲು ಅವರಿಗೆ ಇಷ್ಟವಾದ ವೇಗದಲ್ಲಿ, ಇನ್ನೊಮ್ಮೆ ಅದಕ್ಕಿಂತ ಬರೀ ಶೇ 10ರಷ್ಟು ಹೆಚ್ಚಿನ ವೇಗದಲ್ಲಿ ನಡೆಸಿದರು. ಸಾಮಾನ್ಯ ತೂಕದವರಿಗೆ ಆ ಹೆಚ್ಚುವರಿ ವೇಗದಿಂದ ಮನಸ್ಸಿಗೇನೂ ಅನ್ನಿಸಲಿಲ್ಲ. ಹೆಚ್ಚು ತೂಕದವರಿಗೆ ನಡಿಗೆಯ ಹಿತವೇ ಇಳಿದುಹೋಯಿತು. ಅವರೆಲ್ಲ ವಯಸ್ಕರು, ಹದಿಹರೆಯದವರಲ್ಲ, ನಿಜ. ಆದರೂ ಏದುಸಿರು ಬರುವ ಗೆರೆಯನ್ನು ಭಾರವಾದ ದೇಹ ಬೇಗ ದಾಟುತ್ತದೆ, ದಾಟಿದ ಮೇಲೆ ಯಾವ ದೇಹಕ್ಕೂ ಹಿತವೆನಿಸುವುದಿಲ್ಲ ಎಂಬ ಸಂಗತಿ ಎಲ್ಲ ವಯಸ್ಸಿಗೂ ಹೊಂದುತ್ತದೆ. ತಂದೆಗೆ ತಂಗಾಳಿಯ ನಡಿಗೆಯಾದದ್ದು ಮಗಳಿಗೆ ಏರು ಹತ್ತಿದಂತಿರಬಹುದು. ಅವಳು ಸೋಮಾರಿಯಲ್ಲ, ದಿನವೂ ಸೋಲುವ ಓಟಕ್ಕೆ ಹೋಗಲು ಒಲ್ಲೆನೆಂದಿದ್ದಾಳೆ. ನಡೆಯುವುದಾದರೆ ಅವಳು ಮುಂದೆ ನಡೆಯಲಿ, ಮಾತನಾಡುತ್ತಾ ನಡೆಯುವಷ್ಟು ವೇಗ ಅವಳೇ ಇಡಲಿ, ತಂದೆ ಅವಳ ಹೆಜ್ಜೆಗೆ ಹೆಜ್ಜೆ ಹಾಕಲಿ.

ಮೊಬೈಲಿನ ಆಸೆಯ ಬಗ್ಗೆ ನನಗೆ ಇನ್ನೂ ಹೆಚ್ಚಿನ ತಕರಾರಿದೆ. ಎಡ್ವರ್ಡ್ ಡೆಸಿ ಎಂಬ ಮನೋವಿಜ್ಞಾನಿ 1971ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸೋಮಾ ಎಂಬ ತುಂಡುಗಳ ಒಗಟನ್ನು ಬಿಡಿಸಲು ಕೆಲವು ವಿದ್ಯಾರ್ಥಿಗಳಿಗೆ ಒಂದೊಂದಕ್ಕೆ ಒಂದು ಡಾಲರಿನಂತೆ ಕೊಟ್ಟರು. ಹಣ ನಿಂತ ಮೇಲೆ, ಬಿಡುವಿನ ವೇಳೆಯಲ್ಲಿ ಆ ಒಗಟನ್ನು ತಾವಾಗಿ ಕೈಗೆತ್ತಿಕೊಳ್ಳುವ ಹೊತ್ತು ಅವರಲ್ಲಿ ಕಡಿಮೆಯಾಯಿತು. ಡೆಸಿ ಮತ್ತು ರಿಚರ್ಡ್ ರಯಾನ್ ಇಬ್ಬರೂ ಮುಂದೆ ಬೆಳೆಸಿದ ಸಿದ್ಧಾಂತದ ಪ್ರಕಾರ, ಒಂದು ಕೆಲಸ ಒಳಗಿನಿಂದ ಎಳೆಯಬೇಕಾದರೆ ಅದು ನನ್ನ ಆಯ್ಕೆ ಎನ್ನಿಸಬೇಕು, ನನ್ನ ಕೈಲಾಗುತ್ತದೆ ಎನ್ನಿಸಬೇಕು, ಜೊತೆಗೆ ನನ್ನವರಿದ್ದಾರೆ ಎನ್ನಿಸಬೇಕು. ಐದೂವರೆಯ ವಾಕಿಂಗ್‌ನಲ್ಲಿ ಇವುಗಳಲ್ಲಿ ಒಂದೂ ಇರಲಿಲ್ಲ. ಮೇಲಾಗಿ ನೀವು ಬಹುಮಾನ ಇಟ್ಟದ್ದು ತೂಕಕ್ಕೆ. ನಡೆಯುವುದು ಅವಳ ಕೈಯಲ್ಲಿದೆ, ತೂಕ ಅಷ್ಟಾಗಿ ಇಲ್ಲ. ಮುಟ್ಟಿನ ದಿನಗಳಲ್ಲಿ ನೀರು ತುಂಬಿ ತೂಕ ಏರಬಹುದು. ಬರೀ ವ್ಯಾಯಾಮದಿಂದ ಹತ್ತು ಕಿಲೋ ಇಳಿಯುವುದು ದೊಡ್ಡವರಿಗೂ ಅಪರೂಪ. ಮೂರು ವಾರ ಬೆವರು ಸುರಿಸಿಯೂ ಯಂತ್ರದ ಮುಳ್ಳು ಅಲ್ಲಾಡದಿದ್ದಾಗ ಅವಳಿಗೆ ಅರ್ಥವಾದದ್ದು ಒಂದೇ: ಮೊಬೈಲೂ ಇಲ್ಲ, ಮರ್ಯಾದೆಯೂ ಇಲ್ಲ.

ಹಾಗಾದರೆ ವ್ಯಾಯಾಮ ಏತಕ್ಕೆ ಎಂದು ನೀವು ಕೇಳಬಹುದು. ಉತ್ತರ ನಿಮ್ಮ ಪತ್ರದಲ್ಲೇ ಇದೆ. ಅವಳ ಕತ್ತಿನ ಹಿಂಭಾಗ ಕಪ್ಪಗಾಗಿದೆ, ಕಡಲೆಹಿಟ್ಟು, ನಿಂಬೆಹಣ್ಣು ಹಚ್ಚಿ ಉಜ್ಜಿದರೂ ಹೋಗುತ್ತಿಲ್ಲ ಎಂದು ಬರೆದಿದ್ದೀರಿ. ದಯವಿಟ್ಟು ಉಜ್ಜುವುದನ್ನು ನಿಲ್ಲಿಸಿ. ಅದು ಕೊಳೆಯಲ್ಲ. ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದೆ, ಅದು ರಕ್ತದಲ್ಲಿ ಹೆಚ್ಚಾದಾಗ ಚರ್ಮ ಹೀಗೆ ದಪ್ಪಗಾಗಿ ಕಪ್ಪಾಗುತ್ತದೆ. ಇದನ್ನು ವೈದ್ಯರಿಗೆ ತೋರಿಸಿ, ಸಕ್ಕರೆ, ರಕ್ತದೊತ್ತಡ, ಯಕೃತ್ತಿನ ಪರೀಕ್ಷೆ ಮಾಡಿಸಿ. ದುಡಿದ ಸ್ನಾಯು ಇನ್ಸುಲಿನ್‌ಗೆ ಸ್ಪಂದಿಸುವುದು ಆ ದಿನವೇ ಸುಧಾರಿಸುತ್ತದೆ, ಮರುದಿನದವರೆಗೂ ಉಳಿಯುತ್ತದೆ. ತೂಕ ಒಂದು ಗ್ರಾಂ ಇಳಿಯದಿದ್ದರೂ ಈ ಲಾಭ ತಪ್ಪುವುದಿಲ್ಲ. ಆದ್ದರಿಂದ ತೂಕದ ಯಂತ್ರವನ್ನು ಸದ್ಯಕ್ಕೆ ಅಟ್ಟಕ್ಕೇರಿಸಿ. ತೂಕ ನೋಡುವ ಕೆಲಸ ವೈದ್ಯರಿಗಿರಲಿ. ಇನ್ನೊಂದು ಎಚ್ಚರಿಕೆ: ಸೊಂಟದ ಕೀಲು, ತೊಡೆ ಅಥವಾ ಮೊಣಕಾಲು ನೋವೆಂದು ಕುಂಟಿದರೆ ಅದನ್ನು ನೆಪವೆಂದು ತಳ್ಳಿಹಾಕಬೇಡಿ. ಭಾರದ ದೇಹವಿರುವ ಬೆಳೆಯುವ ಮಕ್ಕಳಲ್ಲಿ ತೊಡೆಮೂಳೆಯ ತಲೆ ಜಾರುವ ತೊಂದರೆ ಉಂಟು. ಕೂಡಲೇ ಎಕ್ಸ್‌ರೇ ತೆಗೆಸಬೇಕು.

ನಿಮ್ಮ ಪತ್ರದಲ್ಲಿ ನನಗೆ ಸಂತೋಷ ಕೊಟ್ಟ ಸಾಲೂ ಒಂದಿದೆ. ನಲ್ಲಿಯಲ್ಲಿ ನೀರು ಬಿಟ್ಟ ದಿನ ಎರಡು ಕೈಯಲ್ಲಿ ಎರಡು ಕೊಡ ಹಿಡಿದು ಮೊದಲ ಮಹಡಿಗೆ ಅವಳೇ ಸಾಗಿಸುತ್ತಾಳೆ, ತಮ್ಮನಿಗೆ ಒಂದನ್ನೂ ಎತ್ತಲಾಗದು ಎಂದಿದ್ದೀರಿ. ಇದರ ಲೆಕ್ಕವನ್ನು ಯಾರಾದರೂ ಜೋರಾಗಿ ಹಾಕಿದ್ದಾರೆಯೇ? ದಿನವಿಡೀ ಭಾರ ಹೊರುವ ದೇಹದಲ್ಲಿ ಕೊಬ್ಬಿನ ಜೊತೆಗೆ ಸ್ನಾಯುವೂ ಬೆಳೆದಿರುತ್ತದೆ. ಓಟದಲ್ಲಿ ಕೊನೆಗುಳಿಯುವ ಮಗು ಎತ್ತುವುದರಲ್ಲಿ, ಎಸೆಯುವುದರಲ್ಲಿ, ಎಳೆಯುವುದರಲ್ಲಿ ಮುಂದಿರುವುದು ಇದರಿಂದಲೇ. ಕೆನಡಾದ ಒಟ್ಟಾವಾ ಪ್ರದೇಶದಲ್ಲಿ ಹೆಚ್ಚು ತೂಕದ 14ರಿಂದ 18 ವರ್ಷದ 304 ಮಂದಿಯ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 22 ವಾರ ಬರೀ ಭಾರ ಎತ್ತುವ ವ್ಯಾಯಾಮ ಮಾಡಿದವರ ದೇಹದಲ್ಲಿ ಕೊಬ್ಬಿನ ಶೇಕಡಾವಾರು ಪ್ರಮಾಣ 1.6 ಅಂಶ ಇಳಿಯಿತು; ಆಹಾರದ ಸಲಹೆ ಮಾತ್ರ ಪಡೆದವರಲ್ಲಿ ಇಳಿದದ್ದು 0.3. ಪವಾಡವೇನಲ್ಲ. ಆದರೆ ಓಡದೆಯೂ ಆಗುತ್ತದೆ ಎಂಬುದು ಸಾಬೀತಾಯಿತಲ್ಲ, ನನಗೆ ಅಷ್ಟು ಸಾಕು. ಮನೆಯೊಳಗೆ, ಬಾಗಿಲು ಹಾಕಿಕೊಂಡು, ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಯಿಟ್ಟು ತಳ್ಳುವುದು, ಐದು ಕಿಲೋ ರಾಗಿ ಚೀಲ ಎದೆಮಟ್ಟಕ್ಕೆ ಎತ್ತುವುದು. ವಾರಕ್ಕೆ ಮೂರು ದಿನ, ಬಲ್ಲವರಿಂದ ಒಮ್ಮೆ ಕ್ರಮ ಕಲಿತು. ಶಾಲೆಯಲ್ಲಿ ಶಾಟ್‌ಪುಟ್ ಇದ್ದರೆ, ತ್ರೋಬಾಲ್ ಇದ್ದರೆ, ಹತ್ತಿರದಲ್ಲಿ ಹುಡುಗಿಯರ ಡೊಳ್ಳು ಕುಣಿತದ ತಂಡವಿದ್ದರೆ, ಅವುಗಳನ್ನು ಅವಳ ಮುಂದಿಟ್ಟು ಸುಮ್ಮನಿರಿ. ಆರಿಸುವವಳು ಅವಳು. ಎರಡು ವಾರದ ನಂತರ ಬದಲಿಸುವ ಹಕ್ಕೂ ಅವಳದೇ. ತೆಳ್ಳಗಿದ್ದಾನೆಂದು ತಮ್ಮನಿಗೆ ವಿನಾಯಿತಿ ಕೊಟ್ಟು ಅವಳೊಬ್ಬಳಿಗೆ ಮಾಡಿಸಿದರೆ, ಅದು ಮತ್ತೆ ಅದೇ ಬಸ್ಕಿಯಾಗುತ್ತದೆ.

ಕೊನೆಗೆ, ಟ್ರೆಡ್‌ಮಿಲ್ ಕೊಳ್ಳಬೇಕೇ ಎಂದು ಕೇಳಿದ್ದೀರಿ. ಬೇಡ. ಒಗೆದ ಬಟ್ಟೆ ಹರವಲು ಅಷ್ಟು ದುಬಾರಿ ಸಾಧನ ಬೇಕಿಲ್ಲ. ಅದರ ಬದಲು ಅವಳ ಪಾದಕ್ಕೆ ಸರಿಹೊಂದುವ ಬೂಟು, ಓಡಾಡುವಾಗ ಎದೆಗೆ ಆಸರೆ ಕೊಡುವ ಒಳಉಡುಪು, ಬೆವರು ಹಿಡಿದಿಡದ ಬಟ್ಟೆಯ ಮೊಣಕಾಲುದ್ದದ ಒಳಚಡ್ಡಿ ಕೊಡಿಸಿ. ತೊಡೆಗಳು ಒಂದಕ್ಕೊಂದು ಉಜ್ಜಿ ಚರ್ಮ ಕಿತ್ತು ಉರಿಯುವುದನ್ನು ಹದಿನಾಲ್ಕರ ಹುಡುಗಿ ತಂದೆಯ ಮುಂದೆ ಹೇಳಲಾರಳು, ಹೊಟ್ಟೆನೋವು ಎಂದಾಳು. ಅಂಗಡಿಗೆ ನೀವೂ ಮಗಳೂ ಇಬ್ಬರೇ ಹೋಗಿ, ಜನ ಕಡಿಮೆಯಿರುವ ಹೊತ್ತಿನಲ್ಲಿ; ಅಳತೆಯನ್ನು ಮೊದಲೇ ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೊಟ್ಟರೆ ಅಂಗಡಿಯವರು ಅದನ್ನು ಕೂಗಿ ಹೇಳುವುದು ತಪ್ಪುತ್ತದೆ.

— ಸಂಪಾದಕ